ನೋಡದೆ ನಂಬೋದು ಹೇಗೆ, ಟೀಚರ್?

ಈಸ್ಟರ್ ಕಳೆದ ಮೇಲೆ ಬರುವ ಪತ್ರಗಳಲ್ಲಿ ಪ್ರತಿ ವರ್ಷ ಒಂದಾದರೂ ತೋಮನ ಬಗ್ಗೆ, ಯೇಸು ಎದ್ದು ಬಂದದ್ದನ್ನು ಕಣ್ಣಾರೆ ನೋಡದೆ ನಂಬಲ್ಲ ಅಂದ ಆ ಶಿಷ್ಯನ ಬಗ್ಗೆ ಇರುತ್ತದೆ. ಈ ಸಲ ಜಾಸ್ತಿ ಬಂದಿವೆ. ಈಸ್ಟರ್ ಆದ ಮರು ಭಾನುವಾರ ಎಷ್ಟೋ ಚರ್ಚುಗಳಲ್ಲಿ ಅವನ ಕಥೆಯನ್ನೇ ಓದುತ್ತಾರಲ್ಲ, ಅದೇ ಕಾರಣ ಇರಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಬಂದ ಆರು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಹೆಚ್ಚು ಜಾಗ ಹೋಗಿದೆ. ಆ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಪ್ರಶ್ನೆ: ನಮಸ್ಕಾರ ಟೀಚರ್. ನನಗೆ 24 ವರ್ಷ. ಊರು ಬಂಗಾರಪೇಟೆ, ಕೆಲಸ ಕೋಲಾರದ ಒಂದು ಲ್ಯಾಬಿನಲ್ಲಿ. ದಿನಾ ಬೆಳಗ್ಗೆ ಏಳು ಗಂಟೆಯಿಂದ ರಕ್ತ ತೆಗೆಯೋದು, ಶುಗರ್, ಥೈರಾಯ್ಡ್, ಸಿಬಿಸಿ ಮಾಡೋದು, ರಿಪೋರ್ಟ್ ಕೊಡೋದು. ಮೆಷಿನ್ ತೋರಿಸದೇ ಇದ್ದದ್ದನ್ನು ನಾನು ಬರೆಯೋ ಹಾಗಿಲ್ಲ. ನಮ್ಮದು ಮೂರು ತಲೆಮಾರಿನಿಂದ ಚರ್ಚಿಗೆ ಹೋಗೋ ಮನೆ. ಹೋದ ವರ್ಷ ಜೊತೆಗೆ ಕೆಲಸ ಮಾಡೋ ಹುಡುಗ ಊಟದ ಹೊತ್ತಲ್ಲಿ "ಯೇಸು ಸತ್ತು ಎದ್ದು ಬಂದ್ರು ಅಂತೀಯಲ್ಲ, ಪ್ರೂಫ್ ಏನಿದೆ?" ಅಂದ. ಜಗಳಕ್ಕಲ್ಲ, ಸುಮ್ನೆ ಕೇಳಿದ. ನನಗೆ ಉತ್ತರ ಬರಲಿಲ್ಲ. ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಪ್ಪನನ್ನು ಕೇಳಿದರೆ "ಗಾಳಿ ಕಾಣುತ್ತಾ? ಆದ್ರೂ ಇದೆ ಅಲ್ವಾ?" ಅಂದರು. ಸಭೆಯ ಹಿರಿಯರೊಬ್ಬರು "ಸಂಶಯ ಸೈತಾನನದ್ದು, ಪ್ರಾರ್ಥನೆ ಮಾಡು" ಅಂದರು. ಈಗ ಪ್ರಾರ್ಥನೆಗೆ ಕೂತರೆ ನಾಟಕ ಆಡ್ತಿದ್ದೀನಿ ಅನ್ನಿಸುತ್ತದೆ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ತಲೆನೋವು ಅಂತ ಹೇಳಿ ಮನೆಯಲ್ಲೇ ಉಳಿಯುತ್ತೇನೆ. ಕಾಣದ್ದನ್ನು ನಂಬೋದು ಹೇಗೆ? ನಂಬಿದರೆ ನಾನು ಕಲಿತದ್ದಕ್ಕೆ ಮೋಸ ಮಾಡಿದ ಹಾಗಲ್ವಾ?
(ಹೆಸರು ಬೇಡ, ಬಂಗಾರಪೇಟೆ)

ಉತ್ತರ: ಮಗಳೇ, ನೀನು ಯಾರಿಗೂ ಮೋಸ ಮಾಡಿಲ್ಲ. ಮೊದಲು ಅದನ್ನು ತಲೆಯಿಂದ ತೆಗೆದುಹಾಕು.

ಗಾಳಿಯ ಮಾತು ನಿನಗೆ ಸಾಕಾಗಲಿಲ್ಲ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ನನಗೂ ಸಾಕಾಗಲಿಲ್ಲ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಗಾಳಿ ಕಾಣದಿದ್ದರೂ ಅದನ್ನು ಬಲೂನಿಗೆ ತುಂಬಿ ತೂಕ ಮಾಡಬಹುದು, ಅದರ ಒತ್ತಡ ಅಳೆಯಬಹುದು. ಎಂಟನೇ ತರಗತಿಯ ಮಕ್ಕಳೇ ಮಾಡಿ ತೋರಿಸುತ್ತಾರೆ. ದೇವರನ್ನು ಹಾಗೆ ಅಳೆಯೋಕೆ ಆಗುವುದಿಲ್ಲ. ಎರಡೂ ಒಂದೇ ಅಂತ ಹೇಳಿದರೆ ಪ್ರಶ್ನೆ ಕೇಳಿದವರ ಬಾಯಿ ಮುಚ್ಚುತ್ತದೆ, ಮನಸ್ಸಿಗೆ ಸಮಾಧಾನ ಆಗುವುದಿಲ್ಲ. ನಿಮ್ಮಪ್ಪನ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಮಗಳ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸಿ, ಆ ಕ್ಷಣಕ್ಕೆ ಸಿಕ್ಕಿದ ಮಾತು ಆಡಿದ್ದಾರೆ.

ಈಗ ತೋಮನ ವಿಷಯಕ್ಕೆ ಬಾ. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ತೆಗೆದು ನಿಧಾನವಾಗಿ ಓದು, ನಾವು ಕೇಳಿ ಕೇಳಿ ಅರ್ಧ ಮರೆತಿರುತ್ತೇವೆ. ಎಲ್ಲರೂ ಅವನನ್ನು "ಸಂಶಯದ ತೋಮ" ಅಂತಾರೆ. ಆದರೆ ಅದೇ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಯೇಸು ಪ್ರಾಣಾಪಾಯ ಇರುವ ಊರಿಗೆ ಹೊರಟಾಗ "ನಾವೂ ಹೋಗೋಣ, ಅವನ ಜೊತೆ ಸಾಯೋಣ" ಅಂದವನು ಈ ತೋಮನೇ. ಅಂಥವನು ಈಗ ಮೊಳೆ ಹೊಡೆದ ಗುರುತು ನೋಡಬೇಕು, ಬೆರಳಿಡಬೇಕು, ಪಕ್ಕೆಗೆ ಕೈ ಹಾಕಬೇಕು, ಇಲ್ಲದಿದ್ದರೆ ನಂಬೋದೇ ಇಲ್ಲ ಅಂತಾನೆ. ಇದು ಹಟದ ಮಾತಲ್ಲ ಅಂತ ನನಗೆ ಅನ್ನಿಸುತ್ತದೆ. ಪ್ರಾಣಕ್ಕಿಂತ ಹೆಚ್ಚು ಹಚ್ಚಿಕೊಂಡಿದ್ದವನು ಸತ್ತುಹೋದ. ಮತ್ತೆ ಆಸೆ ಇಟ್ಟು ಅದೂ ಸುಳ್ಳಾದರೆ ತಡೆದುಕೊಳ್ಳೋಕೆ ಆಗುವುದಿಲ್ಲ ಅನ್ನುವ ಭಯ ಅದು.

ಇನ್ನೊಂದು ನೋಡು. ಉಳಿದ ಹತ್ತು ಜನ ಶಿಷ್ಯರು ಏನು ನೋಡದೇ ನಂಬಿದರಾ? ಇಲ್ಲ. ತೋಮ ಇಲ್ಲದ ಆ ಮೊದಲ ಸಂಜೆ ಯೇಸು ಬಂದಾಗ ಅವರಿಗೂ ಕೈ ತೋರಿಸಿದ, ಪಕ್ಕೆ ತೋರಿಸಿದ. ಆಮೇಲೇ ಅವರು ಸಂತೋಷಪಟ್ಟದ್ದು. ಇನ್ನೊಂದು ಸುವಾರ್ತೆ ಬರೆದ ಲೂಕ ಇನ್ನೂ ನೇರವಾಗಿ ಬರೆಯುತ್ತಾನೆ: ಸಮಾಧಿ ಹತ್ತಿರ ಹೋಗಿ ಬಂದ ಹೆಂಗಸರು ವಿಷಯ ಹೇಳಿದರೆ ಗಂಡಸರಿಗೆ ಅದು ಬರೀ ಹರಟೆ ಅನ್ನಿಸಿತಂತೆ. ತೋಮ ಕೇಳಿದ್ದು ಬೇರೆಯವರಿಗೆ ಆಗಲೇ ಸಿಕ್ಕಿದ್ದನ್ನೇ. ಅವನೊಬ್ಬನಿಗೆ ಯಾಕೆ ಹಣೆಪಟ್ಟಿ ಕಟ್ಟಿದರೋ ಕಾಣೆ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 26ನೇ ವಚನ. "ಎಂಟು ದಿನಗಳಾದ ಮೇಲೆ" ಶಿಷ್ಯರು ಮತ್ತೆ ಒಳಗಿದ್ದರು, ತೋಮನೂ ಅವರ ಜೊತೆಗಿದ್ದ. ಎಷ್ಟು ಸಲ ಓದಿದ್ದೇನೋ, ಈ ಸಾಲು ದಾಟಿಕೊಂಡು ಹೋಗುತ್ತಿದ್ದೆ. ಎಂಟು ದಿನ! ಹತ್ತು ಜನ ಹಬ್ಬದ ಖುಷಿಯಲ್ಲಿದ್ದಾರೆ, ಒಬ್ಬ ಮಾತ್ರ ನಾನು ನಂಬಲ್ಲ ಅಂತ ಕೂತಿದ್ದಾನೆ. ಅದೇ ಮನೆ, ಬಾಗಿಲು ಹಾಕಿದ್ದಾರೆ, ಒಟ್ಟಿಗೇ ಊಟ ಮಾಡಿರಬೇಕು. ಅವರು ಅವನನ್ನು ಹೊರಗೆ ಕಳಿಸಲಿಲ್ಲ, ಅವನೂ ಎದ್ದು ಹೋಗಲಿಲ್ಲ. ಯೇಸು ಬಂದಾಗ ಅವನು ಅಲ್ಲಿದ್ದ, ಅಷ್ಟೇ. ಹೊರಗೆ ಹೋಗಿದ್ದಿದ್ದರೆ ಆ ಸಲವೂ ತಪ್ಪಿಹೋಗುತ್ತಿತ್ತು.

ಬಂದವನು ಬೈಯಲಿಲ್ಲ. ಬೆರಳು ಇಲ್ಲಿಡು, ಕೈ ಚಾಚು ಅಂದ. ಕಾರವಾಜ್ಜಿಯೋ ಅನ್ನುವ ಇಟಲಿಯ ಕಲಾವಿದ 1600ರ ಹೊತ್ತಿಗೆ ಬರೆದ ಚಿತ್ರದಲ್ಲಿ ತೋಮ ಗಾಯದೊಳಗೆ ಬೆರಳು ತೂರಿಸಿದ್ದಾನೆ, ಹಣೆ ಸುಕ್ಕುಗಟ್ಟಿದೆ. ಆದರೆ ಸುವಾರ್ತೆಯಲ್ಲಿ ಅವನು ಮುಟ್ಟಿದ ಅಂತ ಎಲ್ಲೂ ಇಲ್ಲ. "ನನ್ನ ಸ್ವಾಮಿ, ನನ್ನ ದೇವರು" ಅಂದ ಅಂತ ಮಾತ್ರ ಇದೆ. ಅದಾದ ಮೇಲೆ ಬರುವ ಮಾತೇ ನಿನ್ನನ್ನು ಕಾಡುತ್ತಿರುವುದು: ನೋಡದೆ ನಂಬಿದವರು ಧನ್ಯರು. ಇದನ್ನು "ಪ್ರಶ್ನೆ ಕೇಳದವರು ಧನ್ಯರು" ಅಂತ ಎಷ್ಟೋ ಜನ ಓದುತ್ತಾರೆ. ಮುಂದಿನ ಎರಡು ವಚನ ಓದಿದರೆ ಹಾಗೆ ಅನ್ನಿಸುವುದಿಲ್ಲ. ನೀವು ನಂಬಬೇಕೆಂದು ಇವನ್ನು ಬರೆದಿದೆ ಅಂತ ಯೋಹಾನ ಹೇಳುತ್ತಾನೆ. ಅಂದರೆ ನೋಡದವರಿಗೆ ನೋಡಿದವರ ಮಾತು ಇದೆ. ನಮ್ಮ ಸಭೆಗಳಲ್ಲಿ "ಸಾಕ್ಷಿ" ಅನ್ನುತ್ತಾರಲ್ಲ, ಅದು. ಸಾಕ್ಷಿ ಕೇಳಿ, ಹೇಳಿದವನು ಎಂಥವನು ಅಂತ ತೂಗಿ ನೋಡಿ ಒಪ್ಪಿಕೊಳ್ಳುವುದು ಕಣ್ಣು ಮುಚ್ಚಿಕೊಳ್ಳುವುದಲ್ಲ.

ಹಾಗಾದರೆ ಪುರಾವೆ ಎಷ್ಟಿದೆ? ನಿನ್ನ ಜೊತೆಯ ಹುಡುಗನಿಗೆ ಪ್ರಾಮಾಣಿಕವಾಗಿ ಇಷ್ಟು ಹೇಳಬಹುದು. ಯೇಸು ಅನ್ನುವ ಮನುಷ್ಯ ಬದುಕಿದ್ದ, ರೋಮಿನ ಅಧಿಕಾರಿ ಪಿಲಾತನ ಕಾಲದಲ್ಲಿ ಅವನನ್ನು ಕೊಂದರು. ಇದನ್ನು ಕ್ರೈಸ್ತರು ಮಾತ್ರ ಹೇಳುವುದಲ್ಲ, ಕ್ರೈಸ್ತರನ್ನು ಕಂಡರಾಗದ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಎರಡನೇ ಶತಮಾನದ ಆರಂಭದಲ್ಲಿ ಬರೆದಿದ್ದಾನೆ. ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಸಿಕ್ಕಿತು. ಯೇಸುವಿನ ವಿಷಯ ಊರೂರಿಗೆ ಸಾರಿದ ಪೌಲ ಗ್ರೀಸಿನ ಕೊರಿಂಥದವರಿಗೆ ಮೊದಲ ಪತ್ರ ಬರೆದದ್ದು ಸುಮಾರು ಕ್ರಿ.ಶ. 55ರಲ್ಲಿ, ಅಂದರೆ ಶಿಲುಬೆಯ ಘಟನೆ ಆಗಿ ಹೆಚ್ಚೆಂದರೆ ಇಪ್ಪತ್ತೈದು ವರ್ಷದೊಳಗೆ. ಅದರ 15ನೇ ಅಧ್ಯಾಯದಲ್ಲಿ ಎದ್ದುಬಂದ ಯೇಸುವನ್ನು ಐನೂರಕ್ಕೂ ಹೆಚ್ಚು ಜನ ಒಟ್ಟಿಗೆ ನೋಡಿದರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಬರೆಯುತ್ತಾನೆ. ಹೋಗಿ ಕೇಳಿ ಅನ್ನುವ ಧೈರ್ಯ ಆ ಮಾತಿನಲ್ಲಿದೆ. ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ಪ್ರಸಂಗವೂ ಹುರುಳಿಲ್ಲದ್ದು, ನಿಮ್ಮ ನಂಬಿಕೆಯೂ ಹುರುಳಿಲ್ಲದ್ದು ಅಂತಲೂ ಅವನೇ ಹೇಳುತ್ತಾನೆ. ನನಗೆ ಪೌಲನ ಈ ಮಾತು ಬಹಳ ಇಷ್ಟ. ಎಲ್ಲವನ್ನೂ ಒಂದು ಘಟನೆಯ ಮೇಲೆ ಇಟ್ಟು, ಅದು ಸುಳ್ಳಾದರೆ ನಮ್ಮನ್ನು ಬಿಟ್ಟುಬಿಡಿ ಅಂದವನು ಅವನು.

ಇದು ಅವನು ಎದ್ದದ್ದಕ್ಕೆ ಲ್ಯಾಬ್ ರಿಪೋರ್ಟ್ ಅಲ್ಲ. ಹಾಗಂತ ಹೇಳಲೂ ಬೇಡ. ಸತ್ತನು ಅನ್ನುವ ತನಕ ಇತಿಹಾಸ ನಮ್ಮ ಜೊತೆ ನಡೆಯುತ್ತದೆ. ಎದ್ದನು ಅನ್ನುವುದಕ್ಕೆ ಸಾಕ್ಷಿ ಹೇಳಿದವರ ಮಾತಿದೆ, ಆ ಮಾತಿಗಾಗಿ ಅವರು ಬದುಕಿದ ರೀತಿ ಇದೆ. ಅಲ್ಲಿಂದ ಮುಂದೆ ಕಾಲಿಡಬೇಕು.

ಆ ಕಾಲಿಡುವುದು ಅಂದರೆ ಏನು ಅಂತ ನಾನು ಕಲಿತದ್ದು ನಮ್ಮಪ್ಪನಿಂದ. ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಮೂರು ಕಿಲೋಮೀಟರಿಗಿಂತ ಆಳ ಹೋದ ಗಣಿ ಅದು. ಗಣಿಗೆ ಇಳಿಸುವ ಲಿಫ್ಟಿನಂಥ ಕೇಜಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಿದ್ದರಂತೆ, ಗೇಟು ಹಾಕಿದ ಮೇಲೆ ಬೆಲ್ ಹೊಡೆಯುವುದು, ಆಮೇಲೆ ಕಾಲ ಕೆಳಗಿನ ನೆಲವೇ ಜಾರಿದ ಹಾಗೆ ಇಳಿಯುವುದು. ಕೇಜನ್ನು ಇಳಿಸುವ ವೈಂಡಿಂಗ್ ಇಂಜಿನ್ನಿನ ಡ್ರೈವರ್ ಬೇರೆ ಕಟ್ಟಡದಲ್ಲಿ ಕೂತಿರುತ್ತಾನೆ. ಅವನಿಗೆ ಕೇಜು ಕಾಣುವುದಿಲ್ಲ, ಕೇಜಿನಲ್ಲಿರುವವರಿಗೆ ಅವನು ಕಾಣುವುದಿಲ್ಲ. ಬೆಲ್ಲಿನ ಲೆಕ್ಕ, ಎದುರಿಗಿರುವ ಮುಳ್ಳು, ಇಷ್ಟರ ಮೇಲೆ ಅಷ್ಟು ಜನರ ಜೀವ. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, "ಅಪ್ಪಾ, ಹಗ್ಗ ಕಿತ್ತುಹೋದ್ರೆ?" ಅಪ್ಪ ಶೂ ಲೇಸು ಕಟ್ಟುತ್ತಿದ್ದವರು ತಲೆ ಎತ್ತದೆ ಹೇಳಿದರು: "ಹಗ್ಗ ನೋಡೋಕೆ ಜನ ಇದ್ದಾರೆ, ದಿನಾ ನೋಡ್ತಾರೆ. ಆದ್ರೆ ಹಗ್ಗ ಗಟ್ಟಿ ಇದೆ ಅಂತ ಮೇಲೇ ನಿಂತು ಹೇಳ್ತಾ ಇದ್ರೆ ಯಾರೂ ಕೆಳಗೆ ಹೋಗಲ್ಲ, ಹತ್ತಬೇಕು."

ಹಗ್ಗ ಪರೀಕ್ಷೆ ಮಾಡುವುದು ಬೇರೆ, ಕೇಜು ಹತ್ತುವುದು ಬೇರೆ. ಪರೀಕ್ಷೆ ಮಾಡಬೇಡಿ ಅಂದರೆ ಅದು ಮೂರ್ಖತನ. ಆದರೆ ಎಷ್ಟು ಪರೀಕ್ಷೆ ಮಾಡಿದರೂ ಹತ್ತುವ ಹೆಜ್ಜೆಯನ್ನು ಪರೀಕ್ಷೆ ಇಟ್ಟುಕೊಡುವುದಿಲ್ಲ. ನಿನ್ನ ಕೆಲಸದಲ್ಲೂ ಹೀಗೇ ಅಲ್ವಾ? ನೀನು ಸಹಿ ಹಾಕಿದ ರಿಪೋರ್ಟ್ ಹಿಡಿದುಕೊಂಡು ಮಾಲೂರಿನ ಯಾವುದೋ ಹಳ್ಳಿಯ ಅಜ್ಜಿ ಡಾಕ್ಟರ ಹತ್ತಿರ ಹೋಗುತ್ತಾಳೆ. ನಿನ್ನ ಮೆಷಿನ್ ಅವಳು ನೋಡಿಲ್ಲ. ಬೆಳಗ್ಗೆ ಕಂಟ್ರೋಲ್ ಸ್ಯಾಂಪಲ್ ಹಾಕಿ ಸರಿ ನೋಡಿಕೊಂಡೆಯಾ ಅಂತ ಕೇಳುವುದಿಲ್ಲ. ಮಾತ್ರೆ ನುಂಗುತ್ತಾಳೆ.

ಅಪ್ಪ ಕೆಲಸ ಮಾಡಿದ ಆ ಗಣಿಯಲ್ಲೇ ವಿಜ್ಞಾನದ ಒಂದು ದೊಡ್ಡ ಕೆಲಸವೂ ನಡೆದಿದೆ, ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ನ್ಯೂಟ್ರಿನೊ ಅನ್ನುವ ಕಣ ಇರಲೇಬೇಕು ಅಂತ ಪೌಲಿ ಅನ್ನುವ ವಿಜ್ಞಾನಿ 1930ರಲ್ಲಿ ಲೆಕ್ಕದಿಂದ ಹೇಳಿದ. ಅದು ಸಿಕ್ಕಿದ್ದು 1956ರಲ್ಲಿ, ಅಮೆರಿಕದಲ್ಲಿ, ಅಣು ರಿಯಾಕ್ಟರಿನ ಪಕ್ಕದಲ್ಲಿ. ಇಪ್ಪತ್ತಾರು ವರ್ಷ ಕಾಣದ ಕಣವನ್ನು ನಂಬಿ ಹುಡುಕಿದರು. ಆಕಾಶದ ಕಡೆಯಿಂದ ವಾತಾವರಣದಲ್ಲಿ ಹುಟ್ಟಿ ಬರುವ ನ್ಯೂಟ್ರಿನೊಗಳ ಗುರುತು ಪ್ರಪಂಚದಲ್ಲೇ ಮೊದಲು ಸಿಕ್ಕಿದ ಜಾಗಗಳಲ್ಲಿ ನಮ್ಮ ಕೋಲಾರದ ಗಣಿ ಒಂದು. ವರ್ಷ 1965, ಆಳ ಸುಮಾರು 2.3 ಕಿಲೋಮೀಟರ್, ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರ ಜೊತೆ ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳಿದ್ದರು. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ಮೈ ಜುಮ್ ಅನ್ನುತ್ತಿತ್ತು. ಆದರೆ ಮಗಳೇ, ಇದನ್ನು ತೆಗೆದುಕೊಂಡು ಹೋಗಿ "ನೋಡು, ಕಾಣದ್ದೂ ಇದೆ, ಹಾಗಾಗಿ ದೇವರಿದ್ದಾನೆ" ಅಂತ ಆ ಹುಡುಗನಿಗೆ ಹೇಳಬೇಡ. ನ್ಯೂಟ್ರಿನೊ ಕೊನೆಗೆ ಉಪಕರಣದಲ್ಲಿ ಗುರುತು ಬಿಟ್ಟಿತು. ದೇವರು ಯಾವ ಉಪಕರಣದಲ್ಲೂ ಸಿಗುವುದಿಲ್ಲ, ಸಿಕ್ಕಿದರೆ ಅವನು ಸೃಷ್ಟಿಯ ಇನ್ನೊಂದು ವಸ್ತು ಆಗುತ್ತಾನೆ, ಸೃಷ್ಟಿ ಮಾಡಿದವನಲ್ಲ. ಇದರಿಂದ ನಾನು ಕಲಿತದ್ದು ಬೇರೆ. ಕಂಡಿಲ್ಲ ಅನ್ನುವುದೂ ಇಲ್ಲ ಅನ್ನುವುದೂ ಒಂದೇ ಅಲ್ಲ. ಸತ್ಯ ಹುಡುಕುವವರಿಗೆ ಕಾಯುವ ತಾಳ್ಮೆ ಬೇಕು, ಅದು ಲ್ಯಾಬಿನಲ್ಲೂ ಬೇಕು, ಚರ್ಚಿನಲ್ಲೂ ಬೇಕು.

ಈಗ ನನ್ನ ಮಾತು. 2004ರಲ್ಲಿ ನಮ್ಮ ಯಜಮಾನರು ಹೋಗಿಬಿಟ್ಟರು. ವಯಸ್ಸು 46, ಹೃದಯದ ತೊಂದರೆ. ಆಸ್ಪತ್ರೆಯ ಕಾರಿಡಾರಿನಲ್ಲಿ ರಾತ್ರಿಯಿಡೀ ಮೊಣಕಾಲೂರಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ನರ್ಸ್ ಬಂದು ಭುಜ ಮುಟ್ಟಿದರು. ಅಲ್ಲಿಂದ ಹದಿನಾಲ್ಕು ತಿಂಗಳು ನನ್ನ ಬಾಯಲ್ಲಿ ಒಂದು ಪ್ರಾರ್ಥನೆ ಬರಲಿಲ್ಲ. ಚರ್ಚಿಗೆ ಹೋಗುತ್ತಿದ್ದೆ, ಮಕ್ಕಳಿದ್ದರಲ್ಲ. ಹೋಗಿ ಗೋಡೆ ನೋಡಿಕೊಂಡು ಕೂರುತ್ತಿದ್ದೆ.

ನಮ್ಮ ಸಭೆಯಲ್ಲಿ ಹಾಲು ಹಾಕುವ ಒಬ್ಬ ಅಜ್ಜಿ ಇದ್ದರು. ಓದು ಬರಹ ಇಲ್ಲ. ಎಲ್ಲ ಕೀರ್ತನೆಗಳೂ ಬಾಯಿಪಾಠ. ಆದರೂ ಕೀರ್ತನೆ ಪುಸ್ತಕ ತೆರೆದು ಕೈಯಲ್ಲಿ ಹಿಡಿದುಕೊಂಡೇ ಹಾಡಬೇಕು ಅವರಿಗೆ. ನಾನು ಸುಮ್ಮನಾದ ಮೇಲೆ ಅವರು ತಮ್ಮ ಜಾಗ ಬಿಟ್ಟು ಬಂದು ನನ್ನ ಪಕ್ಕ ಕೂರುವುದಕ್ಕೆ ಶುರು ಮಾಡಿದರು. ಸಮಾಧಾನದ ಮಾತಿಲ್ಲ, ಬುದ್ಧಿಮಾತಿಲ್ಲ. ಪುಸ್ತಕ ನನ್ನ ಮಡಿಲಿಗೆ ಇಟ್ಟು "ಪುಟ ತೆಗೀ ಟೀಚರ್" ಅನ್ನುತ್ತಿದ್ದರು. ನಾನು ಬೋರ್ಡಿನ ಮೇಲಿನ ನಂಬರ್ ನೋಡಿ ತೆಗೆದುಕೊಡುತ್ತಿದ್ದೆ. ಸಗಣಿ, ಹುಲ್ಲು, ಹಾಲಿನ ವಾಸನೆ ಅವರ ಸೀರೆಯಲ್ಲಿ. ಹೆಬ್ಬೆರಳಿನಿಂದ ಪುಟ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ದೊಡ್ಡ ದನಿಯಲ್ಲಿ ಹಾಡುತ್ತಿದ್ದರು. ಭಾನುವಾರ ಹೋಗದಿದ್ದರೆ ಅವರಿಗೆ ಪುಟ ತೆಗೆದುಕೊಡುವವರು ಯಾರು ಅಂತ ಹೋಗುತ್ತಿದ್ದೆ. ನಿಜವಾಗಿ ಅದೊಂದೇ ಕಾರಣ. ಒಂದು ದಿನ ಎರಡನೇ ಚರಣ ಹಾಡುವಾಗ ನನ್ನ ದನಿ ನನಗೇ ಕೇಳಿಸಿತು. ಯಾವಾಗ ಶುರು ಮಾಡಿದ್ದೆನೋ ಗೊತ್ತಾಗಲಿಲ್ಲ. ನನಗೆ ಯಾವ ಪುರಾವೆಯೂ ಸಿಕ್ಕಿರಲಿಲ್ಲ. ಯಜಮಾನರು ಯಾಕೆ ಹೋದರು ಅನ್ನುವುದಕ್ಕೆ ಇವತ್ತಿಗೂ ಉತ್ತರ ಇಲ್ಲ.

ಅದಕ್ಕೇ ನಿನಗೆ ಹೇಳುವುದು, ತಲೆನೋವು ಅಂತ ಸುಳ್ಳು ಹೇಳಿ ಮನೆಯಲ್ಲಿ ಕೂರಬೇಡ. ಹೋಗು. ಕರ್ತನ ಭೋಜನ ತೆಗೆದುಕೊಳ್ಳೋಕೆ ಮನಸ್ಸಾಕ್ಷಿ ಒಪ್ಪದಿದ್ದರೆ ತೆಗೆದುಕೊಳ್ಳಬೇಡ, ಸುಮ್ಮನೆ ಬೆಂಚಿನಲ್ಲಿ ಕೂತಿರು. ಯಾರಾದರೂ ಕೇಳಿದರೆ "ನನಗೆ ಪ್ರಶ್ನೆಗಳಿವೆ" ಅನ್ನು. ಆ ಹಿರಿಯರು ಮತ್ತೆ ಸೈತಾನನ ಮಾತು ಎತ್ತಿದರೆ 26ನೇ ವಚನ ತೋರಿಸು. ಜೊತೆಯ ಹುಡುಗನ ಸ್ನೇಹ ಬಿಡಬೇಡ, ಅವನು ಒಳ್ಳೆಯ ಪ್ರಶ್ನೆ ಕೇಳಿದ್ದಾನೆ. ನನಗೆ ಇನ್ನೊಂದು ಪತ್ರ ಬರಿ.

ಪ್ರಶ್ನೆ: ನಾವು ಕ್ರೈಸ್ತರಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ವ್ಯಾಪಾರ. ನಿಮ್ಮ ಅಂಕಣ ತಪ್ಪದೆ ಓದುತ್ತೇನೆ ಅಮ್ಮಾ. ನಾವೂ ದೇವರನ್ನು ನೋಡಿಲ್ಲ, ಆದರೂ ನಂಬುತ್ತೇವೆ. ಆದರೆ ನಿಮ್ಮಲ್ಲಿ ನೋಡದೆ ನಂಬುವುದನ್ನೇ ದೊಡ್ಡದು ಮಾಡುತ್ತೀರಿ. ಇದು ಕುರುಡು ನಂಬಿಕೆ ಆಗುವುದಿಲ್ಲವೇ?

ಉತ್ತರ: ಅಣ್ಣಾ, ನಮ್ಮ ಕನ್ನಡವೇ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. "ದೇವರಿದ್ದಾನೆ ಎಂದು ನಂಬುತ್ತೇನೆ" ಅನ್ನುವುದು ಒಂದು, "ದೇವರನ್ನು ನಂಬುತ್ತೇನೆ" ಅನ್ನುವುದು ಇನ್ನೊಂದು. ಮೊದಲನೆಯದು ತಲೆಯ ಒಪ್ಪಿಗೆ. ಬೈಬಲಿನ ಯಾಕೋಬನ ಪತ್ರದಲ್ಲಿ, ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅಂತ ಇದೆ. ಆ ನಂಬಿಕೆಯಿಂದ ದೆವ್ವಕ್ಕೆ ಏನೂ ಲಾಭ ಆಗಲಿಲ್ಲ. ಎರಡನೆಯದು ನೀವು ವ್ಯಾಪಾರದಲ್ಲಿ, ಗೂಡಿನಿಂದ ನೂಲು ತೆಗೆಯುವ ರೀಲರ್ ಬಗ್ಗೆ ದಿನಾ ಆಡುವ ಮಾತು. "ಆ ರೀಲರ್ ನಂಬಿಕಸ್ಥ, ದುಡ್ಡು ನಾಳೆ ಕೊಟ್ಟರೂ ಪರವಾಗಿಲ್ಲ" ಅಂತೀರಿ. ಅವನ ಜೇಬಿನಲ್ಲಿ ದುಡ್ಡಿದೆಯೋ ಇಲ್ಲವೋ ನೀವು ನೋಡಿಲ್ಲ. ಆದರೆ ಅವನನ್ನು ಬಲ್ಲಿರಿ, ಹೋದ ವರ್ಷ ಬೆಲೆ ಬಿದ್ದಾಗ ಅವನು ಹೇಗೆ ನಡೆದುಕೊಂಡ ಅಂತ ನೆನಪಿದೆ. ಹೊಸ ಒಡಂಬಡಿಕೆ ಬರೆದ ಗ್ರೀಕ್ ಭಾಷೆಯಲ್ಲಿ ನಂಬಿಕೆಗೆ ಇರುವ ಪದ ಪಿಸ್ಟಿಸ್. ಅದರಲ್ಲೂ ಈ ಎರಡೂ ಅರ್ಥ ಇದೆ, ನಂಬುವುದು, ನಂಬಿಕೆಗೆ ತಕ್ಕ ಹಾಗೆ ಇರುವುದು. ನಮ್ಮ ಬೈಬಲಿನಲ್ಲಿ "ದೇವರು ನಂಬಿಗಸ್ತನು" ಅಂತಲೇ ಬರುತ್ತದೆ.

ಕುರುಡು ನಂಬಿಕೆ ಅಂದರೆ ಯಾರು, ಏನು ಅಂತ ವಿಚಾರಿಸದೆ ಕೊಟ್ಟುಬಿಡುವುದು. ಅದು ನಮ್ಮಲ್ಲೂ ಇದೆ, ಇಲ್ಲ ಅಂತ ಹೇಳಲಾರೆ. ಮುಂದಿನ ಪತ್ರ ಅದರದ್ದೇ.

ಪ್ರಶ್ನೆ: ನಾನು ಚಿಂತಾಮಣಿ ಹತ್ತಿರದವಳು. ಎಂಟು ವರ್ಷದಿಂದ ಶುಗರ್ ಇದೆ. ನಾವು ಹೋಗುವ ಪ್ರಾರ್ಥನಾ ಕೂಟದಲ್ಲಿ "ನಂಬಿಕೆ ಇದ್ದರೆ ಮಾತ್ರೆ ಯಾಕೆ, ಮಾತ್ರೆ ತಗೊಂಡರೆ ದೇವರ ಮೇಲೆ ಸಂಶಯ ಇದ್ದ ಹಾಗೆ" ಅಂದರು. ಮೂರು ವಾರದಿಂದ ಬಿಟ್ಟಿದ್ದೇನೆ. ಈಗ ಕಾಲು ಜೋಮು ಹಿಡಿಯುತ್ತಿದೆ. ಮತ್ತೆ ಶುರು ಮಾಡಿದರೆ ನಂಬಿಕೆ ಕಡಿಮೆ ಆದ ಹಾಗಾ?

ಉತ್ತರ: ತಾಯಿ, ಈ ಪತ್ರಿಕೆ ನಿಮ್ಮ ಕೈ ಸೇರುವ ತನಕ ಕಾಯದೆ ನಿಮಗೆ ಬೇರೆಯಾಗಿ ಪತ್ರ ಹಾಕಿದ್ದೇನೆ. ಇಲ್ಲಿ ಮತ್ತೆ ಬರೆಯುತ್ತಿರುವುದು ನಿಮ್ಮ ಹಾಗೆ ಬಿಟ್ಟಿರುವ ಬೇರೆಯವರಿಗಾಗಿ. ನಾಳೆ ಬೆಳಗ್ಗೆಯೇ ಡಾಕ್ಟರ ಹತ್ತಿರ ಹೋಗಿ. ಮೂರು ವಾರ ಬಿಟ್ಟಿದ್ದೇನೆ ಅಂತ ಮುಚ್ಚಿಡದೆ ಹೇಳಿ. ಅವರು ಹೇಳಿದ ಹಾಗೆ ಮಾತ್ರೆ ಶುರು ಮಾಡಿ. ಕಾಲು ದಿನಾ ನೋಡಿಕೊಳ್ಳಿ, ಚಿಕ್ಕ ಗಾಯವಾದರೂ ಬಿಡಬೇಡಿ.

ನಿಮಗೆ ಹಾಗೆ ಹೇಳಿದವರು ಬೈಬಲನ್ನು ಪೂರ್ತಿ ಓದಿಲ್ಲ. ಪೌಲ ತನ್ನ ಶಿಷ್ಯ ತಿಮೊಥೆಯನಿಗೆ, ಪದೇ ಪದೇ ಹುಷಾರು ತಪ್ಪುತ್ತದಲ್ಲ, ಬರೀ ನೀರು ಕುಡಿಯಬೇಡ, ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಬರೆಯುತ್ತಾನೆ. ಆ ಕಾಲದಲ್ಲಿ ಅದೇ ಔಷಧಿ. ನಂಬಿಕೆ ಸಾಲದು ಅಂತ ತಿಮೊಥೆಯನಿಗೆ ಬೈದಿಲ್ಲ. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಅನ್ನುವ ಊರಿನಲ್ಲಿ ಬಿಟ್ಟುಬಂದೆ ಅಂತಲೂ ಬರೆದಿದ್ದಾನೆ. ಪೌಲನಿಗಿಂತ ಜಾಸ್ತಿ ನಂಬಿಕೆ ನಿಮ್ಮ ಕೂಟದವರಿಗೆ ಇದೆಯಾ? ಅವನ ಜೊತೆ ಓಡಾಡಿದ ಲೂಕ ವೈದ್ಯ. ಇನ್ನು ಯೇಸುವಿನ ಮಾತಿಗೆ ಬಂದರೆ, ಸೈತಾನ ಅವನನ್ನು ದೇವಾಲಯದ ತುದಿಗೆ ನಿಲ್ಲಿಸಿ, ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಅಂದ. ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದ. ಮಾತ್ರೆ ಬಿಟ್ಟು ನೋಡೋಣ ಅನ್ನುವುದು ಧುಮುಕಿ ನೋಡೋಣ ಅನ್ನುವುದೇ.

ನಮ್ಮ ಜಿಲ್ಲೆಗಳನ್ನೇ ನೋಡಿ. ಕೋಲಾರದ ಇಟಿಸಿಎಂ ಆಸ್ಪತ್ರೆ ಮೆಥೊಡಿಸ್ಟ್ ಮಿಷನ್ನಿನವರದ್ದು. ಚಿಕ್ಕಬಳ್ಳಾಪುರದಲ್ಲಿ ದಕ್ಷಿಣ ಭಾರತ ಸಭೆಯವರ ಸಿಎಸ್‌ಐ ಆಸ್ಪತ್ರೆ ಇದೆ. ನಂಬಿಕೆ ಇದ್ದರೆ ಔಷಧಿ ಬೇಡ ಅನ್ನುವುದಾದರೆ ನಂಬಿಕೆ ಇದ್ದವರು ಆಸ್ಪತ್ರೆ ಯಾಕೆ ಕಟ್ಟುತ್ತಿದ್ದರು? ಪ್ರಾರ್ಥನೆ ಮಾಡಿ, ಮಾತ್ರೆ ನುಂಗಿ, ಎರಡಕ್ಕೂ ಒಂದೇ ಲೋಟ ನೀರು ಸಾಕು. ಆ ಕೂಟಕ್ಕೆ ಮತ್ತೆ ಹೋಗಬೇಡಿ. ಇದನ್ನು ಯೋಚನೆ ಮಾಡಿಯೇ ಹೇಳುತ್ತಿದ್ದೇನೆ.

ಪ್ರಶ್ನೆ: ಇಟಲಿಯ ಟ್ಯೂರಿನ್ನಿನಲ್ಲಿ ಯೇಸುವಿನ ಮೈಗೆ ಸುತ್ತಿದ ಬಟ್ಟೆ ಇದೆ, ಅದರಲ್ಲಿ ಮುಖ ಮೂಡಿದೆ, ವಿಜ್ಞಾನಿಗಳೇ ಒಪ್ಪಿದ್ದಾರೆ ಅಂತ ವಾಟ್ಸಾಪಿನಲ್ಲಿ ಬಂತು. ಇದು ಸಾಕಲ್ಲ ಪುರಾವೆಗೆ? (ಗುಬ್ಬಿ)

ಉತ್ತರ: ಬಟ್ಟೆ ಇರುವುದು ನಿಜ, ಗಾಯಗೊಂಡ ಮನುಷ್ಯನ ಆಕಾರ ಅದರಲ್ಲಿ ಕಾಣುವುದೂ ನಿಜ. ಆದರೆ 1988ರಲ್ಲಿ ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾ, ಮೂರು ಕಡೆ ಬಟ್ಟೆಯ ವಯಸ್ಸು ತಿಳಿಯುವ ಕಾರ್ಬನ್ ಪರೀಕ್ಷೆ ಮಾಡಿದರು. ಬಟ್ಟೆ 1260ರಿಂದ 1390ರ ನಡುವಿನದ್ದು ಅಂತ ಬಂತು. ಆ ಪರೀಕ್ಷೆಯ ಬಗ್ಗೆ ತಕರಾರು ಎತ್ತುವವರು ಇದ್ದಾರೆ, ಆದರೆ "ವಿಜ್ಞಾನಿಗಳೇ ಒಪ್ಪಿದ್ದಾರೆ" ಅನ್ನುವುದು ಸುಳ್ಳು. ಅದನ್ನು ಮುಂದಕ್ಕೆ ಕಳಿಸಬೇಡಿ. ಕ್ಯಾಥೊಲಿಕ್ ಸಭೆ ಕೂಡ ಈ ಬಟ್ಟೆ ನಿಜ ಅಂತ ನಂಬಲೇಬೇಕು ಅಂತ ಯಾರಿಗೂ ಹೇಳಿಲ್ಲ. ನಮ್ಮ ನಂಬಿಕೆ ಗಟ್ಟಿ ಆಗಲಿ ಅಂತ ಸುಳ್ಳು ಪುರಾವೆ ಕೊಟ್ಟರೆ, ನಾಳೆ ಅದು ಸುಳ್ಳು ಅಂತ ಗೊತ್ತಾದ ದಿನ ನಮ್ಮ ಮಕ್ಕಳು ಬಟ್ಟೆಯ ಜೊತೆ ಯೇಸುವನ್ನೂ ಬಿಟ್ಟುಬಿಡುತ್ತಾರೆ. ನನಗೆ ಆ ಭಯ.

ಪ್ರಶ್ನೆ: ನಾನು ತುಮಕೂರಿನಲ್ಲಿ ಅಂಗಡಿ ಇಟ್ಟಿದ್ದೇನೆ. ಮಗ ಎಸ್ಸೆಸ್ಸೆಲ್ಸಿ. ಪ್ರೂಫ್ ಕೊಡಿ, ಆಮೇಲೆ ಚರ್ಚಿಗೆ ಬರ್ತೀನಿ ಅಂತಾನೆ. ಹೋದ ಭಾನುವಾರ ಕೈ ಎತ್ತಿಬಿಟ್ಟೆ. ಅವನು ಮಾತು ಬಿಟ್ಟಿದ್ದಾನೆ. ಏನು ಮಾಡಲಿ ಟೀಚರ್?

ಉತ್ತರ: ಹೋಗಿ ಮಗನ ಹತ್ತಿರ ಕ್ಷಮೆ ಕೇಳಿ. ಅದೇ ಮೊದಲ ಕೆಲಸ. ಅಪ್ಪ ಹೊಡೆದು ನಂಬಿಸಿದ ದೇವರನ್ನು ಮಗ ಎಷ್ಟು ದಿನ ನಂಬುತ್ತಾನೆ ಹೇಳಿ?

ಆಮೇಲೆ ಅವನ ಜೊತೆ ಕೂತು ಅವನ ಪ್ರಶ್ನೆಗಳನ್ನು ಬರೆಸಿಕೊಳ್ಳಿ. ನಿಮಗೆ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಸಾತ್ವಿಕವಾಗಿ, ಮರ್ಯಾದೆಯಿಂದ ಕೊಡಿ ಅಂತ ಯೇಸುವಿನ ಶಿಷ್ಯ ಪೇತ್ರ ತನ್ನ ಪತ್ರದಲ್ಲಿ ಹೇಳಿದ್ದು ಮನೆಯ ಮಕ್ಕಳಿಗೂ ಸೇರಿಯೇ. ಹದಿನಾರು ವರ್ಷದ ಹುಡುಗ ನಿಜವಾಗಿ ನೋಡುವ ಪುರಾವೆ ನಿಮ್ಮ ಅಂಗಡಿಯಲ್ಲಿದೆ. ತಕ್ಕಡಿಯಲ್ಲಿ ನೀವು ಹೇಗೆ ತೂಗುತ್ತೀರಿ, ಬಾಕಿ ಇಟ್ಟ ಬಡವರ ಜೊತೆ ಹೇಗೆ ಮಾತಾಡುತ್ತೀರಿ, ಹೆಂಡತಿಯನ್ನು ಏನಂತ ಕರೆಯುತ್ತೀರಿ. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಅಂತ ಯೋಹಾನ ಬರೆದಿದ್ದಾನೆ. ಮಕ್ಕಳಿಗೆ ಈ ಲೆಕ್ಕ ಯಾರೂ ಹೇಳಿಕೊಡದೆ ಗೊತ್ತಿರುತ್ತದೆ. ಭಾನುವಾರ ಅವನು ಬರದಿದ್ದರೆ ಬರದೇ ಇರಲಿ, ಚರ್ಚಿಂದ ಬಂದ ಮೇಲೆ ಒಟ್ಟಿಗೆ ಊಟಕ್ಕೆ ಕೂತುಕೊಳ್ಳಿ.

ಪ್ರಶ್ನೆ: ವಯಸ್ಸು 71. ಗೌರಿಬಿದನೂರು. ಐವತ್ತು ವರ್ಷ ಪ್ರಾರ್ಥನೆ ಮಾಡಿದ್ದೇನೆ. ಈಗ ಮಂಡಿ ಊರಿದರೆ ಎದುರಿಗೆ ಯಾರೂ ಇಲ್ಲ ಅನ್ನಿಸುತ್ತದೆ. ಯಾರ ಹತ್ತಿರವೂ ಹೇಳಿಕೊಂಡಿಲ್ಲ. ನಾಚಿಕೆ ಆಗುತ್ತದೆ ತಂಗಿ.

ಉತ್ತರ: ಅಕ್ಕಾ, ನನ್ನ ಹತ್ತ್ರ ಹೇಳಿದಿರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಪತ್ರಗಳು ಅಚ್ಚಾದವು. ಓದಿದವರು ಬೆಚ್ಚಿಬಿದ್ದರು. ಹೆಚ್ಚುಕಡಿಮೆ ಐವತ್ತು ವರ್ಷ ಅವರಿಗೆ ಒಳಗೆ ಬರೀ ಕತ್ತಲೆ, ದೇವರು ಇಲ್ಲವೇನೋ ಅನ್ನುವಂಥ ಖಾಲಿ. ಆ ಐವತ್ತು ವರ್ಷವೂ ಬೆಳಗ್ಗೆ ಎದ್ದು, ಪ್ರಾರ್ಥನೆಗೆ ಕೂತು, ಆಮೇಲೆ ಬೀದಿಯಲ್ಲಿ ಬಿದ್ದವರನ್ನು ಎತ್ತಲು ಹೋಗುತ್ತಿದ್ದರು. ಕ್ಯಾಥೊಲಿಕ್ ಸಭೆ ಅವರನ್ನು ಸಂತರು ಅಂತ 2016ರಲ್ಲಿ ಸಾರಿದ್ದು ಆ ಪತ್ರಗಳನ್ನು ಓದಿದ ಮೇಲೆಯೇ.

ಮಾರ್ಕನ ಸುವಾರ್ತೆಯಲ್ಲಿ ಮಗನ ಕಾಯಿಲೆಗೆ ಸೋತು ಬಂದ ತಂದೆಯೊಬ್ಬ ಇದ್ದಾನೆ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಯೇಸುವಿನ ಮುಂದೆ ಕೂಗಿಕೊಂಡ. ಯೇಸು ಅವನನ್ನು, ಮೊದಲು ಪೂರ್ತಿ ನಂಬಿ ಆಮೇಲೆ ಬಾ ಅಂತ ವಾಪಸ್ ಕಳಿಸಲಿಲ್ಲ. ಮಗನನ್ನು ಎಬ್ಬಿಸಿಕೊಟ್ಟ. ಉದ್ದದ ಪ್ರಾರ್ಥನೆ ಆಗದಿದ್ದರೆ ಬೇಡ ಅಕ್ಕಾ. ಮಂಡಿ ನೋವಾದರೆ ಊರಬೇಡಿ, ಮಂಚದ ಮೇಲೆ ಕೂತೇ ಆ ತಂದೆಯ ಒಂದು ಸಾಲು ಹೇಳಿ ಮಲಗಿ. ಮುಂದಿನ ತಿಂಗಳು ಚಿಕ್ಕಬಳ್ಳಾಪುರಕ್ಕೆ ಬರುವುದಿದೆ, ನಿಮ್ಮ ಮನೆಗೆ ಬಂದು ಒಂದು ಹೊತ್ತು ಜೊತೆಗೆ ಕೂತು ಹೋಗುತ್ತೇನೆ. ಕೀರ್ತನೆ ಪುಸ್ತಕ ಇದ್ದರೆ ತೆಗೆದಿಡಿ.